ಹಾವಿನ ವಿಷ, ಕೋಶದ ಬಾಗಿಲು, ಐವತ್ತು ಕಿಲೊಮೀಟರ್ ದಾರಿ

ಸಿರುಗುಪ್ಪದ ಸುತ್ತಲಿನ ಭತ್ತದ ಬಯಲಿನಲ್ಲಿ ನಾಟಿ ಮುಗಿದ ಮೇಲೆ ರಾತ್ರಿಗೂ ಕೆಲಸವಿರುತ್ತದೆ. ಕಾಲುವೆ ನೀರಿನ ಸರದಿ ನಡುರಾತ್ರಿಗೆ ಬಂದರೆ ನಡುರಾತ್ರಿಯಲ್ಲೇ ಎದ್ದು ಗದ್ದೆಗೆ ಹೋಗಬೇಕು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಯಲ್ಲಿ ಬ್ಯಾಟರಿ ಅಥವಾ ಮೊಬೈಲಿನ ಮಂದ ಬೆಳಕು, ಬರಿಗಾಲು, ಬದುವಿನ ಮೇಲೆ ಮೊಳಕಾಲುದ್ದ ಹುಲ್ಲು. ತುಂಗಭದ್ರೆಯ ನೀರು ಈ ನೆಲಕ್ಕೆ ಭತ್ತವನ್ನು ತಂದಿತು. ಭತ್ತ ಇಲಿಗಳನ್ನು ಕರೆಯಿತು, ಇಲಿ ಕಪ್ಪೆಗಳ ಬೆನ್ನು ಹತ್ತಿ ಹಾವುಗಳು ಬಂದವು. ಕುರುಗೋಡಿನ ಕಡೆಗೆ ಹೋದರೆ ನೀರಾವರಿ ಗದ್ದೆಗಳ ಪಕ್ಕದಲ್ಲೇ ಬಂಡೆಗುಡ್ಡಗಳ ಒಣನೆಲವೂ ಇದೆ. ಗದ್ದೆಯ ಬದು ನಾಗರಹಾವಿಗೂ ಕೊಳಕುಮಂಡಲಕ್ಕೂ ಒಗ್ಗಿದರೆ ಕಲ್ಲುನೆಲ ಗರಗಸಮಂಡಲಕ್ಕೆ ಒಗ್ಗುತ್ತದೆ. ಕಟ್ಟುಹಾವು ಹೊಲದಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ, ನೆಲದ ಮೇಲೆ ಮಲಗಿದವರ ಹಾಸಿಗೆಗೇ ಬರುತ್ತದೆ. ಭಾರತದಲ್ಲಿ ಹಾವು ಕಚ್ಚಿ ಸಾಯುವವರಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಳ್ಳುವ ನಾಲ್ಕು ಜಾತಿಗಳು ಇವೇ.

ಸಾವಿನ ಲೆಕ್ಕ ಸಣ್ಣದಲ್ಲ. 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಸುಮಾರು 12 ಲಕ್ಷ ಮಂದಿ ಹಾವು ಕಡಿತದಿಂದ ಸತ್ತರು. ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ಮಳೆಗಾಲದಲ್ಲಿ ಸತ್ತವರು. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಅಷ್ಟು ತಡವಾಗಿ ಬಂದ ಮನ್ನಣೆಯಲ್ಲೇ ‘ಉಪೇಕ್ಷಿತ’ ಎಂಬ ಮಾತಿನ ಅರ್ಥ ಅಡಗಿದೆ.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 2024ರ ಫೆಬ್ರವರಿಯಲ್ಲಿ ಬಂದ ಒಂದು ಸುದ್ದಿಯನ್ನು ಬಳ್ಳಾರಿಯ ಜನ ಗಮನವಿಟ್ಟು ಓದಬೇಕಿತ್ತು. ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ, ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಹಾಗೂ ಇಂಗ್ಲೆಂಡಿನ ಲಿವರ್‌ಪೂಲ್ ಉಷ್ಣವಲಯ ವೈದ್ಯ ಶಾಲೆಯ ವಿಜ್ಞಾನಿಗಳು ಸೇರಿ, ನಾಗರ, ಕಟ್ಟುಹಾವು, ಮಾಂಬಾ ಮುಂತಾದ ಹಾವುಗಳ ವಿಷದಲ್ಲಿರುವ ಒಂದು ಪ್ರಮುಖ ನರವಿಷದ ಗುಂಪನ್ನು ತಡೆಯಬಲ್ಲ ಪ್ರತಿಕಾಯವೊಂದನ್ನು ರೂಪಿಸಿದ್ದರು. ಅದಕ್ಕೆ ‘95ಮ್ಯಾಟ್5’ ಎಂಬ ಪ್ರಯೋಗಾಲಯದ ಹೆಸರು. ಪತ್ರಿಕೆಗಳಲ್ಲಿ ಅದು ‘ಸಾರ್ವತ್ರಿಕ ವಿಷಹರ’ದ ಮೊದಲ ಹೆಜ್ಜೆಯೆಂದು ವರದಿಯಾಯಿತು. ಈ ಹೆಜ್ಜೆ ಎಲ್ಲಿಂದ ಬಂತು, ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ತಿಳಿಯಬೇಕಾದರೆ ನಮ್ಮ ಮಾಂಸಖಂಡದ ಜೀವಕೋಶದ ಪೊರೆಯಲ್ಲಿ ಕುಳಿತಿರುವ ಒಂದು ಪ್ರೋಟೀನಿನ ಕಥೆಯನ್ನು ಕೇಳಬೇಕು.

ಬಾಗಿಲಿಗೆ ಬಿದ್ದ ಬೀಗ

ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನಿಂದಾದ ತೆಳುವಾದ ಪೊರೆಯಿದೆ. ಅದು ಊರ ಕೋಟೆಯಂತೆ. ಅಲ್ಲಲ್ಲಿ ಬಾಗಿಲುಗಳಿಲ್ಲದಿದ್ದರೆ ಒಳಗಿನವರು ಹೊರಗಿನ ಸುದ್ದಿಯನ್ನೇ ಕೇಳಲಾರರು. ಈ ಬಾಗಿಲುಗಳೇ ಪೊರೆಯ ಪ್ರೋಟೀನುಗಳು. ಕೈ ಎತ್ತಬೇಕೆಂದು ಮಿದುಳು ನಿಶ್ಚಯಿಸಿದಾಗ ಸಂದೇಶ ನರದ ತುದಿಯವರೆಗೆ ವಿದ್ಯುತ್ತಿನ ರೂಪದಲ್ಲಿ ಬರುತ್ತದೆ. ನರಕ್ಕೂ ಮಾಂಸಖಂಡಕ್ಕೂ ನಡುವೆ ಕೂದಲಿಗಿಂತ ಸಾವಿರಾರು ಪಾಲು ಕಿರಿದಾದ ಒಂದು ಸಂದಿಯಿದೆ. ಅದನ್ನು ದಾಟಿಸಲು ನರದ ತುದಿ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ. ಆಚೆ ದಡದಲ್ಲಿ, ಮಾಂಸಖಂಡದ ಪೊರೆಯಲ್ಲಿ, ಅದನ್ನು ಹಿಡಿಯಲು ಅಸಿಟೈಲ್‌ಕೊಲಿನ್ ಗ್ರಾಹಕವೆಂಬ ಪ್ರೋಟೀನು ಕಾದಿರುತ್ತದೆ. ಐದು ತುಂಡುಗಳು ಬಳೆಯಾಕಾರದಲ್ಲಿ ಜೋಡಿಸಿಕೊಂಡು ನಡುವೆ ಒಂದು ರಂಧ್ರ. ರಾಸಾಯನಿಕ ಬಂದು ಕೂರಲು ಎರಡು ಜಾಗ. ಎರಡೂ ತುಂಬಿದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ರಂಧ್ರ ತೆರೆದುಕೊಳ್ಳುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಮಾಂಸಖಂಡ ಸೆಟೆಯುತ್ತದೆ. ನರ ಬಂದು ಸೇರುವ ಆ ಸ್ಥಳದಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಉದ್ದ, ಅಷ್ಟೇ ಅಗಲವಿರುವ ಚೌಕದಲ್ಲಿ ಇಂಥ ಸುಮಾರು ಹತ್ತು ಸಾವಿರ ಬಾಗಿಲುಗಳು ಒತ್ತೊತ್ತಾಗಿ ಕುಳಿತಿರುತ್ತವೆ.

ನಾಗರಹಾವಿನ ನರವಿಷ ಇಷ್ಟೂ ವ್ಯವಸ್ಥೆಯಲ್ಲಿ ಒಂದೇ ಒಂದು ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಅದರ ಅಣು ಮೂರು ಬೆರಳು ಚಾಚಿದ ಕೈಯಂತಿದೆ. ಆ ಬೆರಳು ಅಸಿಟೈಲ್‌ಕೊಲಿನ್ ಕೂರಬೇಕಾದ ಜಾಗದಲ್ಲೇ ಹೋಗಿ ಊರಿಕೊಳ್ಳುತ್ತದೆ. ಬಾಗಿಲು ಮುರಿಯುವುದಿಲ್ಲ, ತೆರೆಯುವುದೂ ಇಲ್ಲ. ಮೊದಲು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ. ಕೊನೆಗೆ ಎದೆಗೂಡಿನ ಕೆಳಗಿನ ವಪೆ ನಿಲ್ಲುತ್ತದೆ. ರೋಗಿಗೆ ಎಲ್ಲವೂ ತಿಳಿಯುತ್ತಿರುತ್ತದೆ, ಉಸಿರು ಮಾತ್ರ ಬರುವುದಿಲ್ಲ. ಸಿರುಗುಪ್ಪದ ಗದ್ದೆಯಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಯವರೆಗಿನ ಐವತ್ತಕ್ಕೂ ಹೆಚ್ಚು ಕಿಲೊಮೀಟರ್ ದಾರಿಯಲ್ಲಿ ಸಾಗುವಾಗ ವಾಹನದೊಳಗೆ ನಡೆಯುವುದು ಇದೇ ಬಾಗಿಲಿನ ಹೋರಾಟ.

ವಿಷವೇ ಗುರುವಾದ ಬಗೆ

ಈ ಬಾಗಿಲಿನ ಪರಿಚಯ ಮನುಷ್ಯನಿಗಾದದ್ದು ಹಾವಿನ ಮೂಲಕವೇ ಎಂಬುದು ವಿಜ್ಞಾನದ ಚರಿತ್ರೆಯಲ್ಲಿ ಸ್ವಾರಸ್ಯದ ಸಂಗತಿ. ತೈವಾನಿನ ಸಿ.ಸಿ. ಚಾಂಗ್ ಮತ್ತು ಸಿ.ವೈ. ಲೀ ಎಂಬ ವಿಜ್ಞಾನಿಗಳು 1963ರಲ್ಲಿ ತಮ್ಮ ದೇಶದ ಕಟ್ಟುಹಾವಿನ ವಿಷದಿಂದ ಆಲ್ಫಾ ಬಂಗಾರೋಟಾಕ್ಸಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದು ಅಸಿಟೈಲ್‌ಕೊಲಿನ್ ಗ್ರಾಹಕವನ್ನು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡದು. ಈ ಹಟವೇ ಸಂಶೋಧಕರಿಗೆ ಉಪಕಾರವಾಯಿತು. ಅಲ್ಲಿಯವರೆಗೆ ಬರಿಯ ಊಹೆಯಾಗಿದ್ದ ಗ್ರಾಹಕವನ್ನು, ವಿಷವೆಂಬ ಗಾಳವನ್ನೇ ಹಾಕಿ, 1970ರ ಸುಮಾರಿಗೆ ವಿದ್ಯುತ್ ಮೀನುಗಳ ಅಂಗದಿಂದ ಹೊರತೆಗೆಯುವುದು ಸಾಧ್ಯವಾಯಿತು.

ಹಾಗೆ ಹೊರತೆಗೆದ ಪ್ರೋಟೀನನ್ನು 1973ರಲ್ಲಿ ಅಮೆರಿಕದ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಮೊಲಗಳಿಗೆ ಚುಚ್ಚಿದರು. ಗ್ರಾಹಕವನ್ನು ಗುರುತಿಸಬಲ್ಲ ಪ್ರತಿಕಾಯಗಳನ್ನು ಪಡೆಯುವುದಷ್ಟೇ ಅವರ ಉದ್ದೇಶ. ಪ್ರತಿಕಾಯವೆಂದರೆ ನಮ್ಮ ರಕ್ತವು ಪರಕೀಯ ವಸ್ತುವನ್ನು ಗುರುತಿಸಿ ಹಿಡಿಯಲು ತಯಾರಿಸಿಕೊಳ್ಳುವ, ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ ಪ್ರೋಟೀನು. ಕೆಲವು ವಾರಗಳಲ್ಲಿ ಮೊಲಗಳ ಕತ್ತು ಕುಸಿಯಿತು, ಕಾಲು ಸೋತವು. ಮೀನಿನ ಪ್ರೋಟೀನಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮೊಲದ ಸ್ವಂತ ಮಾಂಸಖಂಡದ ಬಾಗಿಲುಗಳ ಮೇಲೂ ಎರಗಿದ್ದವು. ಮಯಸ್ಥೇನಿಯಾ ಗ್ರೇವಿಸ್ ಎಂಬ, ಅಲ್ಲಿಯವರೆಗೆ ಕಾರಣ ಖಚಿತವಾಗಿ ತಿಳಿಯದಿದ್ದ ಮನುಷ್ಯರ ಸ್ನಾಯುದೌರ್ಬಲ್ಯದ ರೋಗದ ಗುಟ್ಟು ಹೀಗೆ ಬಿಚ್ಚಿಕೊಂಡಿತು. ಆ ರೋಗಿಗಳಲ್ಲೂ ಮೊದಲು ಜೋತುಬೀಳುವುದು ಕಣ್ಣಿನ ರೆಪ್ಪೆಯೇ. ನಾಗರ ಕಚ್ಚಿದವನಲ್ಲಿ ಬಾಗಿಲು ಮುಚ್ಚುವುದು ವಿಷ. ಈ ರೋಗಿಯಲ್ಲಿ ಬಾಗಿಲನ್ನು ಹಾಳುಮಾಡುವುದು ತನ್ನದೇ ಪ್ರತಿಕಾಯ. ಆ ಪ್ರತಿಕಾಯವನ್ನು ರಕ್ತದಲ್ಲಿ ಪತ್ತೆಹಚ್ಚುವ ಪರೀಕ್ಷೆಗೆ ದಶಕಗಳಿಂದ ಬಳಕೆಯಾಗುತ್ತ ಬಂದಿರುವುದು ಮತ್ತೆ ಅದೇ ಕಟ್ಟುಹಾವಿನ ವಿಷದ ಅಂಶ.

ಆದರೆ ಮೊಲದ ರಕ್ತದಲ್ಲಿ ಸಿಗುವುದು ನೂರಾರು ಬಗೆಯ ಪ್ರತಿಕಾಯಗಳ ಮಿಶ್ರಣ. ಸಂಶೋಧನೆಗೆ ಬೇಕಾದದ್ದು ಒಂದೇ ಗುರಿಯನ್ನು ಹಿಡಿಯುವ, ಎಂದೂ ಬದಲಾಗದ ಒಂದೇ ಬಗೆ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಅದಕ್ಕೆ ದಾರಿ ತೋರಿದರು. ಪ್ರತಿಕಾಯ ತಯಾರಿಸುವ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದು, ಏಕರೂಪದ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ವಿಧಾನವದು. ಅದನ್ನು ಬಳಸಿ ಸಾಕ್ರಟಿಸ್ ಜಾರ್ಟೋಸ್ ಮತ್ತು ಲಿಂಡ್‌ಸ್ಟ್ರಾಮ್ 1980ರ ಹೊತ್ತಿಗೆ ಅಸಿಟೈಲ್‌ಕೊಲಿನ್ ಗ್ರಾಹಕದ ಒಂದೊಂದು ಭಾಗವನ್ನೂ ಗುರುತಿಸಬಲ್ಲ ಪ್ರತಿಕಾಯಗಳ ಸಾಲನ್ನೇ ಸಿದ್ಧಪಡಿಸಿದರು. ಅವುಗಳಲ್ಲಿ 35ನೇ ಸಂಖ್ಯೆಯದು ಪ್ರಪಂಚದ ಪ್ರಯೋಗಾಲಯಗಳಲ್ಲಿ ಇಂದಿಗೂ ಹೆಸರಾಗಿದೆ. ಅದು ಯಾವ ರೋಗಿಗೂ ಔಷಧಿಯಲ್ಲ. ಪೊರೆಯ ಮೇಲೆ ಈ ಬಾಗಿಲು ಎಲ್ಲಿದೆ, ಎಷ್ಟಿದೆ, ಯಾವ ಮೈಯನ್ನು ಹೊರಗೆ ಚಾಚಿದೆ ಎಂದು ತೋರಿಸುವ ಬೆರಳು ಅಷ್ಟೇ. ಇಂಥ ನೂರಾರು ಬೆರಳುಗಳು ತೋರಿಸಿದ ದಾರಿಯಲ್ಲೇ ಗ್ರಾಹಕದ ರೂಪ ವಿಜ್ಞಾನಕ್ಕೆ ತಿಳಿದುಬಂತು.

ವಿದ್ಯುತ್ ಮೀನಿನ ಮೇಲೆ, ಮೊಲದ ಮೇಲೆ ಇಷ್ಟು ಹಣ ಸುರಿದು ಪ್ರಯೋಜನವೇನು ಎಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು. ಐವತ್ತು ವರ್ಷಗಳ ತರುವಾಯ ಉತ್ತರ ಬೆಂಗಳೂರಿನಲ್ಲಿ ಸಿಕ್ಕಿತು.

ಕುದುರೆಯ ಋಣ

ಆ ಉತ್ತರವನ್ನು ನೋಡುವ ಮುನ್ನ ಇಂದು ನಮ್ಮ ಆಸ್ಪತ್ರೆಗಳಲ್ಲಿರುವ ಔಷಧಿಯನ್ನು ನೋಡಬೇಕು. ಹಾವಿನ ವಿಷಕ್ಕೆ ಪ್ರತಿವಿಷವನ್ನು ಫ್ರಾನ್ಸಿನ ಆಲ್ಬರ್ ಕಾಲ್ಮೆಟ್ 1890ರ ದಶಕದಲ್ಲಿ ರೂಪಿಸಿದ. ವಿಧಾನದ ತಿರುಳು ಇಂದಿಗೂ ಹೆಚ್ಚು ಬದಲಾಗಿಲ್ಲ. ಕುದುರೆಗೆ ಅಲ್ಪಸ್ವಲ್ಪವಾಗಿ ವಿಷ ಚುಚ್ಚುತ್ತ ಹೋಗುವುದು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಶುದ್ಧಿಮಾಡಿ ಸೀಸೆಗೆ ತುಂಬುವುದು. ನಮ್ಮ ದೇಶದಲ್ಲಿ ಈ ಕುದುರೆಗಳಿಗೆ ಚುಚ್ಚುವ ವಿಷದ ಬಹುಪಾಲು ಬರುವುದು ಚೆನ್ನೈ ಸಮೀಪದ ಇರುಳರ ಸಹಕಾರ ಸಂಘದಿಂದ. ಹಾವು ಹಿಡಿಯುವ ಕುಲಕಸುಬನ್ನು ಜೀವ ಉಳಿಸುವ ಕಸುಬಾಗಿ ಮಾಡಿಕೊಂಡ ಆ ಬುಡಕಟ್ಟಿನವರ ಸಂಘ 1978ರಲ್ಲಿ ಆರಂಭವಾಯಿತು.

ಸೀಸೆಯ ಮೇಲಿನ ಲೆಕ್ಕ ಹೀಗಿದೆ. ಹತ್ತು ಮಿಲಿಲೀಟರಿನ ಒಂದು ಸೀಸೆ ಆರು ಮಿಲಿಗ್ರಾಂ ನಾಗರ ವಿಷವನ್ನು, ಆರು ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು, ನಾಲ್ಕೂವರೆ ಮಿಲಿಗ್ರಾಂನಂತೆ ಕಟ್ಟುಹಾವು ಹಾಗೂ ಗರಗಸಮಂಡಲದ ವಿಷವನ್ನು ತಟಸ್ಥಗೊಳಿಸಬೇಕು. ಕೊಳಕುಮಂಡಲ ಒಮ್ಮೆ ಕಚ್ಚಿದಾಗ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. ಆದುದರಿಂದಲೇ ಚಿಕಿತ್ಸೆಯನ್ನು ಎಂಟರಿಂದ ಹತ್ತು ಸೀಸೆಗಳಿಂದ ಶುರುಮಾಡುತ್ತಾರೆ. ಮಗುವಿಗೂ ಅಷ್ಟೇ ಪ್ರಮಾಣ. ಕಚ್ಚುವ ಹಾವು ಮಗುವೆಂದು ವಿಷವನ್ನು ಕಡಿಮೆ ಮಾಡುವುದಿಲ್ಲವಲ್ಲ.

ಈ ಔಷಧಿ ಲಕ್ಷಾಂತರ ಜೀವಗಳನ್ನು ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಹಾವು ಕಚ್ಚಿದವರಿಗೆ ಈಗಲೂ ಅದನ್ನು ಬಿಟ್ಟು ಬೇರೆ ಮದ್ದಿಲ್ಲ. ಆದರೆ ಅದರ ಮಿತಿಗಳು ಸ್ಪಷ್ಟವಾಗಿವೆ. ಸೀಸೆಯಲ್ಲಿರುವ ಪ್ರತಿಕಾಯಗಳಲ್ಲಿ ವಿಷವನ್ನು ನಿಜವಾಗಿ ಹಿಡಿಯುವವು ಅಲ್ಪ ಭಾಗ ಮಾತ್ರ. ಉಳಿದವು ಕುದುರೆ ತನ್ನ ಬದುಕಿನಲ್ಲಿ ಎದುರಿಸಿದ ಧೂಳು, ರೋಗಾಣುಗಳ ವಿರುದ್ಧ ಹುಟ್ಟಿದವು. ಕುದುರೆಯ ಪ್ರೋಟೀನು ಮನುಷ್ಯನ ಮೈಗೆ ಒಗ್ಗದೆ ಕೆಲವರಲ್ಲಿ ಅಪಾಯಕರ ಅಲರ್ಜಿಯಾಗುತ್ತದೆ; ಆಗ ಚುಚ್ಚಲು ಅಡ್ರಿನಲಿನ್ ಕೈಗೆಟಕುವಂತೆ ಇರಬೇಕು. ಸಣ್ಣ ಆಸ್ಪತ್ರೆಗಳ ವೈದ್ಯರು ಪ್ರತಿವಿಷ ಕೊಡಲು ಹಿಂಜರಿದು ರೋಗಿಯನ್ನು ಮುಂದಕ್ಕೆ ಕಳಿಸುವುದಕ್ಕೆ ಈ ಭಯವೂ ಒಂದು ಕಾರಣ.

ಬಾಗಿಲಿನ ವೇಷ ತೊಟ್ಟ ಪ್ರತಿಕಾಯ

ಬೆಂಗಳೂರು ಮತ್ತು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಕುದುರೆಯನ್ನು ಬಿಟ್ಟು ಬೇರೊಂದು ದಾರಿ ಹಿಡಿದರು. ಮನುಷ್ಯರ ಪ್ರತಿಕಾಯಗಳ ಮಾದರಿಯಲ್ಲೇ ಕೃತಕವಾಗಿ ರೂಪಿಸಿದ ಅಗಾಧ ಸಂಖ್ಯೆಯ ಪ್ರತಿಕಾಯಗಳನ್ನು ಯೀಸ್ಟ್ ಕೋಶಗಳ ಮೇಲ್ಮೈಯಲ್ಲಿ ಪ್ರದರ್ಶಿಸಿ, ಬೇರೆ ಬೇರೆ ಹಾವುಗಳ ನರವಿಷಗಳನ್ನು ಅವುಗಳ ಮುಂದೆ ಒಡ್ಡಿದರು. ಯಾವುದು ಹಲವು ವಿಷಗಳನ್ನು ಬಿಗಿಯಾಗಿ ಹಿಡಿಯುತ್ತದೆಯೋ ಅದನ್ನು ಮಾತ್ರ ಆರಿಸುತ್ತ ಹೋದರು. ಎಚ್‌ಐವಿ ಮತ್ತು ಕೋವಿಡ್ ವೈರಸ್‌ಗಳ ಅನೇಕ ರೂಪಗಳನ್ನು ಒಟ್ಟಿಗೆ ತಡೆಯಬಲ್ಲ ಪ್ರತಿಕಾಯಗಳನ್ನು ಹುಡುಕುವಾಗ ಬಳಸಿದ ಉಪಾಯವೇ ಇಲ್ಲಿಯೂ ನೆರವಾಯಿತು. ದತ್ತಾಂಶ ಭಂಡಾರಗಳಲ್ಲಿ ದಾಖಲಾಗಿದ್ದ ಇಂಥ ನರವಿಷಗಳ 149 ಪ್ರಭೇದಗಳ ಪೈಕಿ 99ನ್ನು ಹಿಡಿಯಬಲ್ಲ ಒಂದು ಪ್ರತಿಕಾಯ ಕೊನೆಗೆ ಉಳಿಯಿತು.

ಅದು ವಿಷವನ್ನು ಹಿಡಿದ ಭಂಗಿಯನ್ನು ಹರಳುಗಟ್ಟಿಸಿ ನೋಡಿದಾಗ ಅಚ್ಚರಿ ಕಾದಿತ್ತು. ಮಾಂಸಖಂಡದ ಪೊರೆಯ ಮೇಲಿನ ಅಸಿಟೈಲ್‌ಕೊಲಿನ್ ಗ್ರಾಹಕ ವಿಷಕ್ಕೆ ಯಾವ ಮೈಯನ್ನು ಒಡ್ಡುತ್ತದೆಯೋ ಅದನ್ನೇ ಈ ಪ್ರತಿಕಾಯ ಅನುಕರಿಸಿತ್ತು. ಅಂದರೆ ಅದು ಬಾಗಿಲಿನ ವೇಷ ಹಾಕಿಕೊಂಡು ರಕ್ತದಲ್ಲಿ ತಿರುಗುತ್ತದೆ. ಬೀಗವಾಗಲು ಹೊರಟ ವಿಷ ನಿಜವಾದ ಬಾಗಿಲನ್ನು ತಲುಪುವ ಮೊದಲೇ ಈ ಹುಸಿ ಬಾಗಿಲಿಗೆ ಸಿಕ್ಕಿಬೀಳುತ್ತದೆ. ಹಾವು ತನ್ನ ವಿಷವನ್ನು ಎಷ್ಟೇ ಬದಲಿಸಿಕೊಂಡರೂ ಗ್ರಾಹಕವನ್ನು ಹಿಡಿಯುವ ಭಾಗವನ್ನು ಬದಲಿಸುವಂತಿಲ್ಲ. ಬದಲಿಸಿದರೆ ವಿಷಕ್ಕೆ ಕೆಲಸವೇ ಉಳಿಯದು. ಅನೇಕ ಹಾವುಗಳ ವಿಷಕ್ಕೆ ಒಂದೇ ಪ್ರತಿಕಾಯ ಸಲ್ಲುವ ಗುಟ್ಟು ಇದು. ಪೊರೆಯ ಪ್ರೋಟೀನನ್ನು ಅರಿಯಲು ಅರ್ಧ ಶತಮಾನ ನಡೆದ ಕೆಲಸ ಇಲ್ಲದಿದ್ದರೆ ಈ ಗುಟ್ಟು ಕಣ್ಣೆದುರಿಗೆ ಬಂದರೂ ಗುರುತು ಸಿಗುತ್ತಿರಲಿಲ್ಲ.

ಇಲಿಗಳ ಮೇಲಿನ ಪ್ರಯೋಗದ ಫಲ ಭರವಸೆಯದ್ದು. ತೈವಾನಿನ ಕಟ್ಟುಹಾವಿನ ನರವಿಷವೊಂದನ್ನೇ ಪಡೆದ ಇಲಿಗಳು ನಾಲ್ಕು ಗಂಟೆಯೊಳಗೆ ಸತ್ತವು. ಪ್ರತಿಕಾಯದೊಂದಿಗೆ ಪಡೆದವು 24 ಗಂಟೆಯ ನಂತರವೂ ಆರೋಗ್ಯವಾಗಿದ್ದವು. ಪೂರ್ವ ಭಾರತದ ಏಕಚಕ್ರ ನಾಗರ ಮತ್ತು ಆಫ್ರಿಕದ ಕಪ್ಪು ಮಾಂಬಾದ ಇಡೀ ವಿಷದ ಎದುರೂ ಅದು ಕಾಪಾಡಿತು. ವಿಷ ಕೊಟ್ಟು ಇಪ್ಪತ್ತು ನಿಮಿಷ ಕಳೆದ ಮೇಲೆ ಕೊಟ್ಟರೂ ಇಲಿ ಬದುಕಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಇನ್ನೊಂದು ತಂಡ ಇದೇ ದಾರಿಯಲ್ಲಿ ಮತ್ತೊಂದು ಹೆಜ್ಜೆಯಿಟ್ಟಿತು. ಟಿಮ್ ಫ್ರೀಡ್ ಎಂಬಾತ ಸುಮಾರು ಹದಿನೆಂಟು ವರ್ಷ ತಾನೇ ಹಾವಿನ ವಿಷ ಚುಚ್ಚಿಕೊಂಡು ಬೆಳೆಸಿಕೊಂಡಿದ್ದ ಪ್ರತಿಕಾಯಗಳಲ್ಲಿ ಎರಡನ್ನು ಆರಿಸಿ, ಅವಕ್ಕೊಂದು ರಾಸಾಯನಿಕ ಔಷಧಿ ಸೇರಿಸಿ, ನಾಗರ-ಕಟ್ಟುಹಾವುಗಳ ಕುಟುಂಬದ 19 ಹಾವುಗಳ ವಿಷದ ಎದುರು ಇಲಿಗಳಲ್ಲಿ ಪರೀಕ್ಷಿಸಿತು. ಹದಿಮೂರಕ್ಕೆ ಪೂರ್ಣ ರಕ್ಷಣೆ, ಉಳಿದವಕ್ಕೆ ಭಾಗಶಃ ರಕ್ಷಣೆ ದೊರೆಯಿತು.

ಆದರೆ ಸಿರುಗುಪ್ಪದ ರೈತ ಇದರಿಂದ ಇಂದೇ ನಿಶ್ಚಿಂತನಾಗಬೇಕಿಲ್ಲ. ಪೂರ್ವ ಭಾರತದ ಏಕಚಕ್ರ ನಾಗರ ಬೇರೆ, ನಮ್ಮ ಗದ್ದೆಗಳ ಕನ್ನಡಕದ ಗುರುತಿನ ನಾಗರ ಬೇರೆ. ನಾಗರ ವಿಷದಲ್ಲಿ ಈ ನರವಿಷದ ಜೊತೆಗೆ ಚರ್ಮ-ಮಾಂಸವನ್ನು ಕೊಳೆಯಿಸುವ ಅಂಶಗಳೂ ಇವೆ. ಅವುಗಳ ಮೇಲೆ 95ಮ್ಯಾಟ್5 ಪ್ರಯೋಜನಕ್ಕೆ ಬಾರದು. ನಮ್ಮ ಕಟ್ಟುಹಾವಿನ ವಿಷದ ಮುಖ್ಯ ಅಂಶ ಮಾಂಸಖಂಡದ ಬಾಗಿಲಿಗೆ ಬದಲಾಗಿ ನರದ ತುದಿಯನ್ನೇ ಹಾಳುಮಾಡುತ್ತದೆ. ಕೊಳಕುಮಂಡಲ, ಗರಗಸಮಂಡಲಗಳ ವಿಷವಂತೂ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುವಂಥದು. ಕೊಳಕುಮಂಡಲ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ನಾಲ್ಕೂ ಹಾವುಗಳಿಗೆ ಸಲ್ಲುವ ಮದ್ದು ಬರಬೇಕಾದರೆ ಇಂಥ ಹಲವು ಪ್ರತಿಕಾಯಗಳು ಒಟ್ಟಾಗಬೇಕು, ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು, ಬಡವನ ಕೈಗೆಟಕುವ ಬೆಲೆಗೆ ತಯಾರಾಗಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಯಾವ ಊರಿನ ವಿಷ?

ಸಂಶೋಧನೆಯ ಪ್ರತಿಕಾಯಗಳ ಜಗತ್ತಿನಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ಆತ್ಮಪರಿಶೀಲನೆ ನಡೆದಿದೆ. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಪ್ರತಿಕಾಯಗಳು ಸೀಸೆಯ ಮೇಲೆ ಬರೆದ ಪ್ರೋಟೀನನ್ನು ಹಿಡಿಯುವ ಬದಲು ಬೇರೇನನ್ನೋ ಹಿಡಿಯುತ್ತವೆ. ಅವನ್ನು ನಂಬಿ ಮಾಡಿದ ಪ್ರಯೋಗಗಳು ಮತ್ತೊಬ್ಬರ ಕೈಯಲ್ಲಿ ಫಲಿಸುವುದಿಲ್ಲ ಎಂಬ ದೂರು 2015ರ ಸುಮಾರಿಗೆ ಗಟ್ಟಿಯಾಗಿ ಕೇಳಿಬಂತು. ಗುರಿಯಿರುವ ಕೋಶದ ಮೇಲೂ ಗುರಿಯಿಲ್ಲದ ಕೋಶದ ಮೇಲೂ ಪರೀಕ್ಷಿಸಿ ನೋಡದೆ ಪ್ರತಿಕಾಯವನ್ನು ಬಳಸಕೂಡದು ಎಂಬುದು ಅದರಿಂದ ಕಲಿತ ಪಾಠ.

ಹಾವಿನ ಪ್ರತಿವಿಷಕ್ಕೂ ಇದೇ ಪಾಠ ಅನ್ವಯಿಸುತ್ತದೆ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಇದೇ ಪ್ರಯೋಗಾಲಯ ದೇಶದ ನಾನಾ ಭಾಗಗಳ ನಾಗರ, ಕೊಳಕುಮಂಡಲಗಳ ಮೇಲೆ ತೋರಿಸಿಕೊಟ್ಟಿದೆ. ಆದರೆ ಪ್ರತಿವಿಷ ತಯಾರಿಗೆ ಬೇಕಾದ ವಿಷವನ್ನು ನಾವು ಮುಖ್ಯವಾಗಿ ತಮಿಳುನಾಡಿನ ಒಂದು ಮೂಲೆಯಿಂದ ಪಡೆಯುತ್ತಿದ್ದೇವೆ. ಅಲ್ಲಿಯ ಹಾವಿನ ವಿಷಕ್ಕೆ ತಯಾರಾದ ಸೀಸೆ ತುಂಗಭದ್ರೆಯ ಬಲದಂಡೆಯ ಹಾವಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಅಳೆದು ನೋಡಬೇಕಲ್ಲದೆ ಊಹಿಸಬಾರದು. 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಬಳ್ಳಾರಿಯಲ್ಲಿದೆ. ಜನರ ಬಾಯಲ್ಲಿ ಇಂದಿಗೂ ವಿಮ್ಸ್ ಆಗಿಯೇ ಉಳಿದಿರುವ ಆ ಸಂಸ್ಥೆಯ ಈಗಿನ ಹೆಸರಿನಲ್ಲೇ ‘ಸಂಶೋಧನಾ ಕೇಂದ್ರ’ ಎಂಬ ಮಾತಿದೆ. ಈ ಭಾಗದ ರೋಗಿಗಳಲ್ಲಿ ಯಾವ ಹಾವಿನ ಕಡಿತಕ್ಕೆ ಎಷ್ಟು ಸೀಸೆ ಬೇಕಾಯಿತು, ಎಷ್ಟು ಹೊತ್ತಿಗೆ ಗುಣ ಕಂಡಿತು ಎಂಬ ದಾಖಲೆ ಅಚ್ಚುಕಟ್ಟಾಗಿ ಬೆಂಗಳೂರಿನ ಪ್ರಯೋಗಾಲಯವನ್ನು ತಲುಪುವಂತಾದರೆ ಅದೇ ದೊಡ್ಡ ಸಂಶೋಧನೆ.

ಈ ದಿಸೆಯಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಮರುತಿಂಗಳು ಕೇಂದ್ರ ಸರ್ಕಾರ ಹಾವು ಕಡಿತದ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಲೆಕ್ಕಕ್ಕೆ ಬಾರದ ಸಾವಿಗೆ ಔಷಧಿಯೂ ಬಾರದು. ಲೆಕ್ಕ ಇಡುವ ಕಟ್ಟಳೆಯಾದರೂ ಬಂದಿದೆ. ಖಾಸಗಿ ಆಸ್ಪತ್ರೆಗಳು ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು ಮುಂದಿನ ಕೆಲಸ.

ಐವತ್ತು ಕಿಲೊಮೀಟರ್

ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು ಕಿಲೊಮೀಟರ್. ಹೊಸ ತಾಲ್ಲೂಕು ಕೇಂದ್ರವಾದ ಕುರುಗೋಡಿನಿಂದ ಸುಮಾರು ಮೂವತ್ತು. ನದಿಯಂಚಿನ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ದಾರಿ ಇದರ ಮೇಲಿನ ಸೇರ್ಪಡೆ. ಇಲಿಯನ್ನು ಇಪ್ಪತ್ತು ನಿಮಿಷದ ಮೇಲೂ ಉಳಿಸಿದ ಪ್ರತಿಕಾಯವನ್ನು ನಾವು ಮೆಚ್ಚಿಕೊಳ್ಳುತ್ತೇವೆ; ಆದರೆ ನಮ್ಮ ರೋಗಿ ಮೊದಲ ಸೀಸೆಯನ್ನು ಕಾಣುವ ಹೊತ್ತಿಗೆ ಇಪ್ಪತ್ತು ನಿಮಿಷ ಎಂದೋ ಕಳೆದಿರುತ್ತದೆ. ಪ್ರತಿಕಾಯ ಯಾವುದೇ ಇರಲಿ, ಅದು ರಕ್ತದಲ್ಲಿ ತಿರುಗುವ ವಿಷವನ್ನು ಹಿಡಿಯಬಲ್ಲದು. ಕಟ್ಟುಹಾವಿನ ವಿಷ ನರದ ತುದಿಯನ್ನು ಒಮ್ಮೆ ಹಾಳುಮಾಡಿದ ಮೇಲೆ ಆ ತುದಿ ತಾನಾಗಿ ಮತ್ತೆ ಬೆಳೆಯಬೇಕು. ಅಲ್ಲಿಯವರೆಗೆ ಕೆಲವು ದಿನ, ಕೆಲವೊಮ್ಮೆ ವಾರಗಳೇ, ಯಂತ್ರದ ಉಸಿರಿನಲ್ಲಿ ಬದುಕಿಸಿಕೊಳ್ಳಬೇಕು.

ಯಂತ್ರದ ಉಸಿರು ಎಂದಾಗ ಬಳ್ಳಾರಿಯವರಿಗೆ 2022ರ ಸೆಪ್ಟೆಂಬರ್ 14 ನೆನಪಾಗದಿರದು. ಅಂದು ವಿಮ್ಸ್‌ನ ತೀವ್ರ ನಿಗಾ ಘಟಕದಲ್ಲಿ ವಿದ್ಯುತ್ ಕಡಿತವಾದ ಸಂದರ್ಭದಲ್ಲಿ ರೋಗಿಗಳು ಮೃತಪಟ್ಟ ಸಂಗತಿ ವಿಧಾನಸಭೆಯವರೆಗೂ ಹೋಯಿತು. ಅವರಲ್ಲಿ ಒಬ್ಬಾಕೆ ಹಾವು ಕಚ್ಚಿ ದಾಖಲಾಗಿದ್ದವರು. ಸಾವಿಗೆ ವಿದ್ಯುತ್ ಕಡಿತವೇ ಕಾರಣವೆಂದು ಕುಟುಂಬದವರೂ, ರೋಗಿಗಳ ಸ್ಥಿತಿ ಮೊದಲೇ ಗಂಭೀರವಾಗಿತ್ತೆಂದು ಆಸ್ಪತ್ರೆಯವರೂ ಹೇಳಿದರು. ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಆ ವಾದವನ್ನು ಮತ್ತೆ ಕೆದಕುವುದು ಈ ಲೇಖನದ ಉದ್ದೇಶವಲ್ಲ. ಹಾವು ಕಡಿತದ ಚಿಕಿತ್ಸೆ ಸೀಸೆಯಲ್ಲಿ ಶುರುವಾಗಿ ಸೀಸೆಯಲ್ಲೇ ಮುಗಿಯುವುದಿಲ್ಲ, ತಂತಿಯಲ್ಲಿ ಹರಿಯುವ ವಿದ್ಯುತ್ತೂ ಅದರ ಭಾಗವೇ ಎಂಬುದನ್ನು ಆ ದಿನ ನೆನಪಿಸುತ್ತದೆ.

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲ ಹತ್ತು ಸೀಸೆ ಇರಬೇಕು. ಕೊಡುವ ಧೈರ್ಯವೂ ತರಬೇತಿಯೂ ಅಲ್ಲಿಯ ವೈದ್ಯರಿಗಿರಬೇಕು. ಅಲರ್ಜಿಯಾದರೆ ಅಡ್ರಿನಲಿನ್ ಸಿದ್ಧವಿರಬೇಕು. ನಾಗರ ಕಡಿತದಲ್ಲಿ ಮುಚ್ಚಿದ ಬಾಗಿಲನ್ನು ತುಸು ತೆರೆಯಲು ನಿಯೋಸ್ಟಿಗ್ಮಿನ್ ಎಂಬ ಅಗ್ಗದ ಚುಚ್ಚುಮದ್ದು ನೆರವಾಗುತ್ತದೆ. ಅದು ಅಸಿಟೈಲ್‌ಕೊಲಿನ್ ಬೇಗ ನಾಶವಾಗದಂತೆ ತಡೆದು ವಿಷದೊಡನೆ ಪೈಪೋಟಿಗೆ ನಿಲ್ಲಿಸುತ್ತದೆ. ರೋಗಿಯನ್ನು ಬಳ್ಳಾರಿಗೆ ಕಳಿಸುವಾಗ ವಾಹನದಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ ಹಾಗೂ ಅದನ್ನು ಒತ್ತಬಲ್ಲ ಒಬ್ಬ ಸಿಬ್ಬಂದಿ ಇರಲೇಬೇಕು. ಕೊಳಕುಮಂಡಲದ ವಿಷವನ್ನು ಗುರುತಿಸಲು ದುಬಾರಿ ಯಂತ್ರವೇನೂ ಬೇಡ. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡಿದರೆ ಸಾಕು.

ಇನ್ನು ನಮ್ಮ ಪಾಲಿನ ಕೆಲಸ. ಕಚ್ಚಿದ ಜಾಗವನ್ನು ಕೊಯ್ಯುವುದು, ಚೀಪುವುದು, ಹಗ್ಗದಿಂದ ಬಿಗಿದು ಕಟ್ಟುವುದು ಇವೆಲ್ಲ ಕೆಡುಕೇ. ಕೈಕಾಲನ್ನು ಅಲುಗಾಡದಂತೆ ಇರಿಸಿ, ಉಂಗುರ ಬಳೆ ತೆಗೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕಟ್ಟುಹಾವಿನ ಕಡಿತ ಹಲವೊಮ್ಮೆ ನೋಯುವುದೇ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನ ಕಣ್ಣಿನ ರೆಪ್ಪೆ ಜೋತುಬಿದ್ದಿದ್ದರೆ ಮೈಮೇಲೆ ಗಾಯ ಕಾಣದಿದ್ದರೂ ಹಾವನ್ನು ನೆನೆಯಬೇಕು. ಮಂತ್ರ ಹಾಕುವವರ ಮೇಲೆ ಹಳ್ಳಿಗರಿಗಿರುವ ವಿಶ್ವಾಸವನ್ನು ಹೀಗಳೆಯುವುದರಿಂದ ಪ್ರಯೋಜನವಿಲ್ಲ. ವಿಷವಿಲ್ಲದ ಹಾವು ಕಚ್ಚಿದವರು, ವಿಷದ ಹಾವು ಕಚ್ಚಿಯೂ ವಿಷ ಬಿಡದೆ ಹೋದದ್ದರಿಂದ ಬದುಕಿದವರು ಆ ವಿಶ್ವಾಸವನ್ನು ಬೆಳೆಸಿದ್ದಾರೆ. ಮಂತ್ರ ಹಾಕುವವನೇ ‘ಮೊದಲು ದವಾಖಾನೆಗೆ ನಡೆಯಿರಿ, ನಾನೂ ಬರುತ್ತೇನೆ’ ಎನ್ನುವಂತೆ ಅವನನ್ನು ಒಲಿಸಿಕೊಳ್ಳುವುದು ಆರೋಗ್ಯ ಇಲಾಖೆಯ ಜಾಣತನ. ರಾತ್ರಿ ನೀರು ಹಾಯಿಸುವವರಿಗೆ ಗಂಬೂಟು, ಒಳ್ಳೆಯ ಬ್ಯಾಟರಿ, ನೆಲದ ಮೇಲೆ ಮಲಗುವವರಿಗೆ ಅಂಚು ಮಡಚಿದ ಸೊಳ್ಳೆಪರದೆ ಇವು ಯಾವ ಪ್ರತಿಕಾಯಕ್ಕೂ ಕಡಿಮೆಯಲ್ಲ.

ಮಾಂಸಖಂಡದ ಪೊರೆಯ ಮೇಲಿನ ಒಂದು ಬಾಗಿಲನ್ನು ಅರಿಯಲು ತೈವಾನಿನಿಂದ ಕ್ಯಾಲಿಫೋರ್ನಿಯಾದವರೆಗೆ, ಅಲ್ಲಿಂದ ಬೆಂಗಳೂರಿನವರೆಗೆ ಅರವತ್ತು ವರ್ಷ ಕೆಲಸ ನಡೆದಿದೆ. ಅದರ ಫಲ ಸೀಸೆಗೆ ಇಳಿಯುವ ದಿನ ಬಂದೇ ಬರುತ್ತದೆ. ಆ ಸೀಸೆ ಬೆಂಗಳೂರಿನಿಂದ ಬಳ್ಳಾರಿಗೆ ಬರುವುದು ಕಷ್ಟವಾಗಲಾರದು. ಬಳ್ಳಾರಿಯಿಂದ ಸಿರುಗುಪ್ಪದ ಗದ್ದೆಯವರೆಗಿನ ದಾರಿಯನ್ನು ನಾವು ಈಗಲೇ ಸರಿಪಡಿಸಿಕೊಂಡರೆ, ಅಂದು ಹೊಸ ಮದ್ದಿಗೆ ಸಲ್ಲುವ ದಾರಿ ಇಂದು ಕುದುರೆಯ ಮದ್ದಿಗೂ ಸಲ್ಲುತ್ತದೆ. ಈ ಮುಂಗಾರಿನಲ್ಲಿ ನಡುರಾತ್ರಿ ನೀರು ಹಾಯಿಸಲು ಹೋಗುವವನು ಕಾದಿರುವುದು ಆ ದಾರಿಗೆ.